ಇಎಸ್‌ಸಿ ಸುಡುತ್ತಿದೆಯೇ? ಕರಾವಳಿಯ ಆರ್‌ಸಿ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಪಣಂಬೂರಿನ ಮರಳಿನಲ್ಲಿ ಆರ್‌ಸಿ (ರೇಡಿಯೊ ರಿಮೋಟಿನಿಂದ ನಡೆಸುವ) ಮಾದರಿ ಕಾರು ಓಡಿಸುವವರು, ಕೊಯ್ಲು ಮುಗಿದ ಗದ್ದೆಯಲ್ಲಿ ವಿಮಾನ ಹಾರಿಸುವವರು, ಹೊಳೆಯಲ್ಲಿ ದೋಣಿ ಬಿಡುವವರು ಮಾರ್ಚ್ ಬಂತೆಂದರೆ ಕೇಳುವುದು ಒಂದನ್ನೇ: ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಯಾಕೆ ಇಷ್ಟು ಕಾಯುತ್ತಿದೆ? ಎದುರು ಸಿಕ್ಕಾಗ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕೇಳಿದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬಹಳಷ್ಟು ಮಂದಿ ಫ್ಯಾನ್ ಕೊಳ್ಳುವ ಮನಸ್ಸು ಮಾಡಿಕೊಂಡೇ ಬರುತ್ತಾರೆ. ಫ್ಯಾನಿನ ಮಾತು ಈ ಪುಟದಲ್ಲಿ ತಡವಾಗಿ ಬರುತ್ತದೆ, ಬೇಕೆಂದೇ. ಬಿಸಿ ಹುಟ್ಟುವುದನ್ನು ತಗ್ಗಿಸದೆ ಅದನ್ನು ಓಡಿಸುವ ಉಪಾಯ ಹುಡುಕುವುದು ನನ್ನ ಮಟ್ಟಿಗೆ ತಿರುವುಮುರುವು ಕೆಲಸ.

## ಮೊದಲ ಸಂಶಯಗಳು

ಇಎಸ್‌ಸಿ ಬಿಸಿಯಾಗುವುದು ಸಹಜವೋ, ಕೆಟ್ಟಿದೆ ಎಂದು ಅರ್ಥವೋ?

ಸಹಜ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿನ ಮೂರು ತಂತಿಗಳಿಗೆ ಸರದಿಯಂತೆ ಹಂಚುವುದು ಒಳಗಿರುವ ಮಾಸ್ಫೆಟ್‌ಗಳು, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ಚುಗಳು. ಅವು ಪೂರ್ತಿ ತೆರೆದುಕೊಂಡಾಗಲೂ ಒಂದಿಷ್ಟು ರೋಧ ಉಳಿದೇ ಇರುತ್ತದೆ. ಬ್ರಷ್‌ಲೆಸ್ ಇಎಸ್‌ಸಿಯಲ್ಲಿ ಕರೆಂಟು ಒಂದು ಮಾಸ್ಫೆಟ್ ದಾಟಿ ಮೋಟಾರಿಗೆ ಹೋಗಿ, ಇನ್ನೊಂದನ್ನು ದಾಟಿ ಹಿಂದಿರುಗಬೇಕು. ಎರಡೂ ಸೇರಿ 2 ಮಿಲಿಓಮ್ ಎಂದುಕೊಳ್ಳಿ. 30 ಆಂಪಿಯರ್ ಹರಿದರೆ 1.8 ವಾಟ್ ಶಾಖ. 60 ಆಂಪಿಯರ್ ಹರಿದರೆ 3.6 ಅಲ್ಲ, 7.2 ವಾಟ್. ಕರೆಂಟು ಇಮ್ಮಡಿಯಾದರೆ ಬಿಸಿ ನಾಲ್ಮಡಿ. ಮುಂದಿನ ಹಲವು ಉತ್ತರಗಳ ಬೇರು ಈ ಲೆಕ್ಕದಲ್ಲೇ ಇದೆ.

ಎಷ್ಟು ಬಿಸಿಯಾದರೆ ಹೆದರಬೇಕು? ನನ್ನ ಬಳಿ ಥರ್ಮಾಮೀಟರ್ ಇಲ್ಲ, ಬೆರಳು ಮಾತ್ರ ಇದೆ.

ಬ್ಯಾಟರಿ ಕಳಚಿ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ಮೇಲೆ ಬೆರಳಿಡಿ. ಆರಾಮವಾಗಿ ಇಟ್ಟುಕೊಳ್ಳಬಹುದಾದರೆ 50 ಡಿಗ್ರಿಯೊಳಗಿದೆ. ಎರಡು ಮೂರು ಸೆಕೆಂಡಿಗೆ ಕೈ ತೆಗೆಯಬೇಕೆನಿಸಿದರೆ 60ರ ಸುತ್ತಮುತ್ತ. ತಾಗಿದ ಕೂಡಲೇ ಕೈ ಹಿಂದೆ ಬಂದರೆ 70 ದಾಟಿದೆ; ಅಲ್ಲಿಂದ ಮೇಲೆ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೊರಮೈ 80 ಇರುವಾಗ ಒಳಗಿನ ಸಿಲಿಕಾನ್ ಅದಕ್ಕಿಂತ ಬಿಸಿಯಾಗಿರುತ್ತದೆ ಎಂಬುದು ನೆನಪಿರಲಿ. ಜೊತೆಗೆ, ಮಾಸ್ಫೆಟ್ ಕಾದಷ್ಟೂ ಅದರ ರೋಧ ಏರುತ್ತದೆ. 25 ಡಿಗ್ರಿಯಲ್ಲಿದ್ದ ರೋಧ 125 ಡಿಗ್ರಿಗೆ ಹೋಗುವಾಗ ಸುಮಾರು ಒಂದೂವರೆ ಪಟ್ಟಾಗುತ್ತದೆ. ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುವುದು ಹೀಗೆ.

ಇನ್‌ಫ್ರಾರೆಡ್ ಥರ್ಮಾಮೀಟರ್ 42 ತೋರಿಸುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಸುಳ್ಳು ಹೇಳುತ್ತಿರುವುದು ಯಾವುದು?

ಥರ್ಮಾಮೀಟರ್. ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಕಿರಣವಾಗಿ ಹೊರಸೂಸುವುದು ಬಹಳ ಕಡಿಮೆ. ಸುತ್ತಲಿನದನ್ನೇ ಪ್ರತಿಫಲಿಸಿ ತೋರಿಸುತ್ತದೆ. ಹೀಟ್‌ಸಿಂಕ್ ಮೇಲೆ ಚಿಕ್ಕ ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಗುರಿಯಿಟ್ಟು ಅಳೆಯಿರಿ.

ಇನ್ನೊಂದು ವಿಚಾರ. ಕಾರು ನಿಲ್ಲಿಸಿದ ಮರುಕ್ಷಣದಲ್ಲಿ ಬಿಸಿ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. ಗಾಳಿ ನಿಂತಿರುತ್ತದೆ, ಒಳಗಿನ ಶಾಖ ಹೊರಮೈಗೆ ಬರುತ್ತಲೇ ಇರುತ್ತದೆ. ಒಂದು ನಿಮಿಷದ ನಂತರವೂ ಇನ್ನೊಮ್ಮೆ ಅಳೆಯುವುದು ಒಳ್ಳೆಯದು.

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಕಾರು ತೆವಳುತ್ತದೆ. ಇದು ಬಿಸಿಯೋ, ಬ್ಯಾಟರಿಯೋ?

ನಿಂತ ಕೂಡಲೇ ಸೆಲ್‌ಗಳ ವೋಲ್ಟೇಜ್ ನೋಡಿ. ಪ್ರತಿ ಸೆಲ್ 3.7ರ ಮೇಲಿದ್ದರೆ ಅನುಮಾನ ಬಿಸಿಯ ಮೇಲೆ, 3.3ರ ಹತ್ತಿರ ಇದ್ದರೆ ಬ್ಯಾಟರಿ ಮುಗಿದಿದೆ. ಹತ್ತು ನಿಮಿಷ ನೆರಳಿನಲ್ಲಿಟ್ಟ ಮೇಲೆ ಅದೇ ಬ್ಯಾಟರಿಯಲ್ಲಿ ಮೊದಲಿನ ಹುರುಪಿನಲ್ಲೇ ಓಡಿದರೆ ಬಿಸಿಯೇ ಕಾರಣ. ಎಲ್‌ಇಡಿ ಮಿನುಗುವ ಕ್ರಮ ಎರಡಕ್ಕೂ ಬೇರೆ ಬೇರೆ ಇರುತ್ತದೆ. ಪೆಟ್ಟಿಗೆಯಲ್ಲಿ ಬಂದ ಆ ಸಣ್ಣ ಕಾಗದವನ್ನು ಎಸೆಯಬೇಡಿ.

ನಮ್ಮೂರಿನ ಸೆಕೆಯಿಂದಲೇ ಹೀಗಾಗುವುದಲ್ಲವೇ? ಬೆಂಗಳೂರಿನ ಗೆಳೆಯನ ಇದೇ ಇಎಸ್‌ಸಿ ತಣ್ಣಗಿದೆ.

ಸೆಕೆ ನಮಗೆ, ಇಎಸ್‌ಸಿಗಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನಮ್ಮ ಬೆವರು ಆರುವುದಿಲ್ಲ, ಅದಕ್ಕೇ ಜೀವ ಹಿಂಡಿದಂತಾಗುತ್ತದೆ. ಇಎಸ್‌ಸಿ ಬೆವರುವುದಿಲ್ಲ, ಅದಕ್ಕೆ ಲೆಕ್ಕ ಗಾಳಿಯ ಉಷ್ಣಾಂಶ ಮಾತ್ರ. ಸಂಜೆ ಬೆಂಗಳೂರಿನಲ್ಲಿ 26, ಇಲ್ಲಿ 32 ಇದ್ದರೆ ನಿಮ್ಮ ಇಎಸ್‌ಸಿ ಹೆಚ್ಚುಕಡಿಮೆ ಆ ಆರು ಡಿಗ್ರಿಯಷ್ಟೇ ಹೆಚ್ಚು ಬಿಸಿ ಇರಬೇಕು. ಇಪ್ಪತ್ತು ಡಿಗ್ರಿ ಹೆಚ್ಚಿದ್ದರೆ ತಪ್ಪು ಹವೆಯದ್ದಲ್ಲ. ಹಾಗೆ ನೋಡಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ನಮ್ಮದಕ್ಕಿಂತ ಶೇಕಡ 10ರಷ್ಟು ತೆಳು. ತಂಪು ಮಾಡುವ ಶಕ್ತಿ ಅದಕ್ಕೇ ಸ್ವಲ್ಪ ಕಡಿಮೆ. ಗೆಳೆಯ ಡಾಂಬರಿನ ಮೇಲೆ ಓಡಿಸುತ್ತಾನೋ, ಯಾವ ಗೇರು ಹಾಕಿದ್ದಾನೋ, ಅದನ್ನು ಕೇಳಿ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಮಾದರಿಯನ್ನು ಇಟ್ಟು, ಬೀಚಿಗೆ ಬಂದ ಕೂಡಲೇ ಓಡಿಸುವವರ ಮಾತು ಬೇರೆ. ಅವರ ಇಎಸ್‌ಸಿ ಹೊರಡುವಾಗಲೇ ಅರ್ಧ ದಾರಿ ಕಾದಿರುತ್ತದೆ.

## ಬಿಸಿ ಹುಟ್ಟುವುದನ್ನೇ ತಗ್ಗಿಸುವುದು

ರಸ್ತೆಯಲ್ಲಿ ಏನೂ ತೊಂದರೆ ಇಲ್ಲ, ಹೊಯಿಗೆಗೆ ಇಳಿದರೆ ಸಾಕು, ಕಾದು ನಿಲ್ಲುತ್ತದೆ. ಏನು ಮಾಡಲಿ?

ಪಿನಿಯನ್ (ಮೋಟಾರಿನ ತುದಿಯ ಸಣ್ಣ ಗೇರು) ಬದಲಿಸಿ. ಒಣ ಮರಳು ಚಕ್ರವನ್ನು ಹಿಡಿದು ಎಳೆಯುತ್ತದೆ. ಮೋಟಾರು ವೇಗಕ್ಕೆ ಬರಲಾಗದೆ ಹೆಚ್ಚು ಕರೆಂಟು ಕೇಳುತ್ತದೆ. 15 ಹಲ್ಲಿನ ಪಿನಿಯನ್ ತೆಗೆದು 13 ಹಲ್ಲಿನದು ಹಾಕಿದರೆ ಅದೇ ಎಳೆತಕ್ಕೆ ಮೋಟಾರು ಕೊಡಬೇಕಾದ ತಿರುಚುಬಲ, ಅದರೊಂದಿಗೆ ಕರೆಂಟು, ಸುಮಾರು ಶೇಕಡ 13 ಇಳಿಯುತ್ತದೆ. ಮೊದಲ ಉತ್ತರದ ಲೆಕ್ಕದಂತೆ (ಬಿಸಿ ಏರಿಳಿಯುವುದು ಕರೆಂಟಿನ ವರ್ಗದಂತೆ) ಮಾಸ್ಫೆಟ್‌ನ ಶಾಖ ಕಾಲು ಭಾಗದಷ್ಟು ಇಳಿಯಿತು. ಒಂದು ಸಣ್ಣ ಗೇರಿನ ಖರ್ಚಿಗೆ ಇಷ್ಟು ಕೊಡುವ ಬೇರೆ ಮದ್ದು ನನಗೆ ಗೊತ್ತಿಲ್ಲ. ತುದಿವೇಗ ಕಡಿಮೆಯಾಗುತ್ತದೆ ನಿಜ, ಆದರೆ ಮರಳಿನಲ್ಲಿ ಆ ತುದಿವೇಗ ನಿಮಗೆ ಸಿಗುತ್ತಲೂ ಇರಲಿಲ್ಲ.

ಅಲೆ ಬಂದು ಹೋದ ಗಟ್ಟಿ ಹಸಿ ಮರಳಿನ ಪಟ್ಟಿಯಲ್ಲಿ ಓಡಿಸಿದರೆ ಎಳೆತ ಕಡಿಮೆ, ಉಪ್ಪುನೀರಿನ ಭಯ ಹೆಚ್ಚು. ಎರಡರಲ್ಲಿ ಯಾವ ಕಷ್ಟ ಬೇಕೆಂದು ನೀವೇ ಆರಿಸಿಕೊಳ್ಳಬೇಕು. ಮಳೆಗಾಲದ ಕೆಸರುಗದ್ದೆ ಎರಡಕ್ಕಿಂತಲೂ ಕಠಿಣ. ಅಲ್ಲಿ ಇನ್ನೂ ಒಂದು ಹಲ್ಲು ಕಡಿಮೆ ಮಾಡಿ.

ವಿಮಾನಕ್ಕೆ ಗೇರು ಇಲ್ಲವಲ್ಲ?

ಪ್ರೊಪೆಲ್ಲರ್ ಇದೆ. ಒಂದೇ ವೇಗದಲ್ಲಿ ತಿರುಗುವಾಗ ಅದು ನುಂಗುವ ಶಕ್ತಿ ವ್ಯಾಸದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. 10 ಇಂಚಿನದನ್ನು 9 ಇಂಚಿಗೆ ಇಳಿಸಿದರೆ ಮೂರನೇ ಒಂದು ಭಾಗದಷ್ಟು ಹೊರೆ ತಪ್ಪುತ್ತದೆ. ವಾಟ್‌ಮೀಟರ್ ಸಿಕ್ಕಿಸಿ ಎರಡನ್ನೂ ಅಳೆದು ನೋಡಿ. ಹೊರೆ ತಗ್ಗಿದಾಗ ಮೋಟಾರು ತುಸು ಹೆಚ್ಚು ವೇಗ ಪಡೆಯುವುದರಿಂದ ನಿಮಗೆ ಸಿಗುವ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ಮೇಲೆ 60 ಆಂಪಿಯರ್ ಎಂದು ಬರೆದಿದೆ. ನಾನು ಎಳೆಯುವುದು 45. ಮತ್ತೇಕೆ ಕಾಯುತ್ತದೆ?

ಆ 60 ಒಳ್ಳೆಯ ಗಾಳಿ ಬೀಸುತ್ತಿರುವಾಗಿನ ಮಾತು. ಫೋಮ್ ವಿಮಾನದ ಹೊಟ್ಟೆಯೊಳಗೆ ವೆಲ್ಕ್ರೋ ಹಚ್ಚಿ ಮುಚ್ಚಿಟ್ಟರೆ ಅದು 60ರ ಇಎಸ್‌ಸಿಯಾಗಿ ಉಳಿಯುವುದಿಲ್ಲ. ಅಗ್ಗದ ಮಾಲಿನಲ್ಲಿ ಆ ಅಂಕಿಯನ್ನು ನಾನು ಕಾಲು ಭಾಗ ಕಳೆದೇ ಓದುತ್ತೇನೆ.

ಮೋಟಾರು ತಿರುಗಿಸದೆ ಸುಮ್ಮನೆ ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು) ಆಡಿಸಿದರೂ ಬಿಸಿಯಾಗುತ್ತದೆ. ಯಾಕೆ?

ನಿಮ್ಮದು ಲೀನಿಯರ್ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಭಾಗ) ಇರುವ ಇಎಸ್‌ಸಿ. ರಿಸೀವರ್ ಮತ್ತು ಸರ್ವೋಗಳಿಗೆ 5 ವೋಲ್ಟ್ ಕೊಡಲು ಅದು ಉಳಿದ ವೋಲ್ಟೇಜನ್ನು ಸುಮ್ಮನೆ ಶಾಖವಾಗಿ ಸುರಿಯುತ್ತದೆ. 11.1 ವೋಲ್ಟ್ ಬ್ಯಾಟರಿ, ಸರ್ವೋಗಳೆಲ್ಲ ಸೇರಿ 2 ಆಂಪಿಯರ್ ಎಂದರೆ 6.1ನ್ನು 2ರಿಂದ ಗುಣಿಸಿ: 12 ವಾಟ್. ಮೊದಲ ಉತ್ತರದ 60 ಆಂಪಿಯರಿನ ಶಾಖಕ್ಕಿಂತಲೂ ಇದು ಹೆಚ್ಚು! ಸ್ವಿಚಿಂಗ್ ಬಿಇಸಿಯನ್ನು ಪ್ರತ್ಯೇಕವಾಗಿ ಹಾಕಿ. ಹಾಗೆ ಮಾಡುವಾಗ ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಮೂರು ಎಳೆಯ ತಂತಿಯಲ್ಲಿ ನಡುವಿನ ಕೆಂಪು ಎಳೆಯನ್ನು ಕಳಚಿ ಟೇಪ್ ಸುತ್ತಬೇಕು. ಇಲ್ಲವಾದರೆ ಎರಡು ಬಿಇಸಿಗಳು ಒಂದಕ್ಕೊಂದು ಗುದ್ದಾಡುತ್ತವೆ.

ತಂತಿ ದಪ್ಪಗಿದ್ದರೆ ಏನಾದರೂ ಪ್ರಯೋಜನವಿದೆಯೇ?

ಇದೆ. 16 ಗೇಜ್ ತಂತಿಯ ರೋಧ ಮೀಟರಿಗೆ ಸುಮಾರು 13 ಮಿಲಿಓಮ್, 12 ಗೇಜ್‌ನದು ಸುಮಾರು 5. ಬ್ಯಾಟರಿಯಿಂದ ಹೋಗಿಬರುವ 40 ಸೆಂಟಿಮೀಟರ್ ತಂತಿಯಲ್ಲಿ 40 ಆಂಪಿಯರ್ ಹರಿದರೆ ಮೊದಲನೆಯದರಲ್ಲಿ 8 ವಾಟ್, ಎರಡನೆಯದರಲ್ಲಿ 3 ವಾಟ್ ವ್ಯರ್ಥ. ಬೆಸುಗೆಯ ಜಾಗದಿಂದ ಬೋರ್ಡಿನ ಬಿಸಿಯನ್ನು ಹೊರಗೆ ಎಳೆದು ತರುವ ಕೆಲಸವನ್ನೂ ದಪ್ಪ ತಾಮ್ರ ಮಾಡುತ್ತದೆ. ಕನೆಕ್ಟರಿನ ಪಿನ್ ಕಪ್ಪಾಗಿದ್ದರೆ ಅದನ್ನೂ ಬದಲಿಸಿ. ಸಮುದ್ರದ ಗಾಳಿಯಲ್ಲಿ ಇದು ಬೇಗ ಆಗುತ್ತದೆ.

## ಬಿಸಿಯನ್ನು ಹೊರಹಾಕುವುದು

ಇಎಸ್‌ಸಿಯ ಹೊದಿಕೆ ಕತ್ತರಿಸಿ ಹೀಟ್‌ಸಿಂಕ್ ಅಂಟಿಸಬಹುದೇ?

ಅಂಟಿಸಬಹುದು, ಎಲ್ಲಿ ಎಂಬುದು ತಿಳಿದಿದ್ದರೆ. ವಾರಂಟಿ ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೈ ಹಾಕಿ.

ಪ್ಲಾಸ್ಟಿಕ್ ಹೊದಿಕೆ ಮೇ ತಿಂಗಳಲ್ಲಿ ಕಂಬಳಿ ಹೊದ್ದ ಹಾಗೆ. ಮೊದಲು ಬೆರಳಿನಿಂದ ಒತ್ತಿ ನೋಡಿ. ಒಂದು ಬದಿಯಲ್ಲಿ ಚಪ್ಪಟೆಯಾದ ಗಟ್ಟಿ ತಗಡು ಸಿಕ್ಕಿದರೆ ನಿಮ್ಮ ಕೆಲಸ ಅರ್ಧ ಮುಗಿದಿದೆ: ಆ ತಗಡಿನ ಅಂಚಿನ ಉದ್ದಕ್ಕೂ ಬ್ಲೇಡಿನಿಂದ ಹಗುರವಾಗಿ ಗೀರಿ, ಕಿಟಕಿಯಷ್ಟು ಹೊದಿಕೆ ಎತ್ತಿ, ಅಲ್ಲಿ ರೆಕ್ಕೆಗಳಿರುವ ಹೀಟ್‌ಸಿಂಕ್ ಕೂರಿಸಿ. ಬ್ಲೇಡನ್ನು ಒತ್ತಬೇಡಿ, ಹೊದಿಕೆಯ ಕೆಳಗೇ ಸಣ್ಣ ಸಣ್ಣ ರೆಸಿಸ್ಟರ್‌ಗಳು ಇರುತ್ತವೆ.

ತಗಡು ಇಲ್ಲದಿದ್ದರೆ ಕಾಣುವುದು ಸಾಲಾಗಿ ಕುಳಿತ ಕಪ್ಪು ಚೌಕಗಳು. ಅವೇ ಮಾಸ್ಫೆಟ್‌ಗಳು. ಜನ ತಕ್ಷಣ ಅವುಗಳ ತಲೆಯ ಮೇಲೆ ಅಲ್ಯೂಮಿನಿಯಂ ಕೂರಿಸುತ್ತಾರೆ. ಆದರೆ ಬಹುಪಾಲು ಮಾಸ್ಫೆಟ್‌ಗಳಲ್ಲಿ ಲೋಹದ ಮೈ ಇರುವುದು ಅಡಿಯಲ್ಲಿ, ಬೋರ್ಡಿಗೆ ಬೆಸೆದುಕೊಂಡು. ಶಾಖ ಸುಲಭವಾಗಿ ಹರಿಯುವುದು ಕೆಳಗೆ, ಬೋರ್ಡಿನ ತಾಮ್ರಕ್ಕೆ. ತಲೆಯ ಪ್ಲಾಸ್ಟಿಕ್ಕಿನ ಮೂಲಕ ಹೊರಡುವ ದಾರಿಯ ಅಡ್ಡಿ ಹಲವು ಪಟ್ಟು ಹೆಚ್ಚು. ಬೋರ್ಡಿನ ಹಿಂಬದಿ ಖಾಲಿ ಇದ್ದರೆ ಅಲ್ಲಿಯೂ ಒಂದು ಹೀಟ್‌ಸಿಂಕ್ ಇಡಿ, ಫಲ ಕಾಣುತ್ತದೆ.

ಮಾಸ್ಫೆಟ್‌ನ ಬದಿಯಲ್ಲಿ ಇಣುಕುವ ಲೋಹದ ನಾಲಗೆ, ಬೋರ್ಡಿನ ತೆರೆದ ಬೆಸುಗೆ ಎಲ್ಲವೂ ವಿದ್ಯುತ್ ಇರುವ ಜಾಗಗಳು. ಬೇರೆ ಬೇರೆ ಫೇಸ್‌ಗೆ (ಮೋಟಾರಿನ ಮೂರು ತಂತಿಗಳಲ್ಲಿ ಒಂದೊಂದಕ್ಕೆ) ಸೇರಿದವು. ಬರಿಯ ಅಲ್ಯೂಮಿನಿಯಂ ಎರಡಕ್ಕೆ ತಾಗಿದರೆ ಬ್ಯಾಟರಿ ಜೋಡಿಸಿದ ಕ್ಷಣವೇ ಹೊಗೆ. ನಡುವೆ ವಿದ್ಯುತ್ ನಿರೋಧಕ ಥರ್ಮಲ್ ಪ್ಯಾಡ್ ಇರಲೇಬೇಕು. ಎಲ್ಲ ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು, ಒಂದು ಕಡ್ಡಿ ಹೀಟ್‌ಸಿಂಕಿಗೆ, ಇನ್ನೊಂದನ್ನು ಬ್ಯಾಟರಿಯ ಎರಡು ಮತ್ತು ಮೋಟಾರಿನ ಮೂರು ತಂತಿಗಳಿಗೆ ಒಂದೊಂದಾಗಿ ತಾಗಿಸಿ. ಐದರಲ್ಲಿ ಒಂದೂ ಕೂಗಬಾರದು.

ಥರ್ಮಲ್ ಪೇಸ್ಟ್ ಒಳ್ಳೆಯದೋ, ಪ್ಯಾಡೋ? ಟೂತ್‌ಪೇಸ್ಟ್ ಹಚ್ಚಿದರೂ ಆಗುತ್ತದೆ ಎನ್ನುತ್ತಾರೆ.

ಟೂತ್‌ಪೇಸ್ಟಿನಲ್ಲಿ ನೀರಿದೆ. ಹಸಿಯಿದ್ದಾಗ ವಿದ್ಯುತ್ ಹರಿಸುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಬೇಡ.

ಮಿಕ್ಕಂತೆ ಎಲ್ಲವೂ ದಪ್ಪದ ಆಟ. 4 ಚದರ ಸೆಂಟಿಮೀಟರ್ ಜಾಗದಲ್ಲಿ 10 ವಾಟ್ ದಾಟಬೇಕು ಎನ್ನಿ. 1 ಮಿಲಿಮೀಟರ್ ದಪ್ಪದ, ಮೀಟರ್-ಕೆಲ್ವಿನ್‌ಗೆ 3 ವಾಟ್ ಉಷ್ಣವಾಹಕತೆಯ ಪ್ಯಾಡ್ ಇದ್ದರೆ ಅಲ್ಲೇ 8 ಡಿಗ್ರಿ ಕಳೆದುಹೋಗುತ್ತದೆ. ಅದೇ ಗುಣದ ಪೇಸ್ಟ್ 0.1 ಮಿಲಿಮೀಟರ್ ಇದ್ದರೆ ಒಂದು ಡಿಗ್ರಿಯೂ ಇಲ್ಲ. ಹೀಗಾಗಿ ಲೋಹದ ಮೇಲೆ ಲೋಹ ಸಮನಾಗಿ ಕೂರುವಲ್ಲಿ, ವಿದ್ಯುತ್ ಇಲ್ಲದಲ್ಲಿ, ಪೇಸ್ಟ್. ಎತ್ತರ ತಗ್ಗು ಇರುವ ಚಿಪ್‌ಗಳ ಮೇಲೆ ಪ್ಯಾಡ್, ಸಾಧ್ಯವಾದಷ್ಟು ತೆಳುವಾದದ್ದು. ಸಿಲಿಕೋನ್ ಸೀಲೆಂಟನ್ನು ಅಂಟಿನ ಬದಲು ಧಾರಾಳವಾಗಿ ಮೆತ್ತುವವರಿದ್ದಾರೆ. ಅವರು ಬಿಸಿಯನ್ನು ಒಳಗೇ ಮುಚ್ಚಿ ಮೊಹರು ಹಾಕುತ್ತಿದ್ದಾರೆ.

ಗುಜರಿಯಲ್ಲಿ ಹಳೆಯ ಕಂಪ್ಯೂಟರ್ ಹೀಟ್‌ಸಿಂಕ್ ಸಿಗುತ್ತದೆ. ಅದನ್ನೇ ಕತ್ತರಿಸಿಕೊಳ್ಳಲೇ, ತಾಮ್ರ ಹುಡುಕಲೇ?

ಹಳೆಯ ಮದರ್‌ಬೋರ್ಡಿನ ಅಲ್ಯೂಮಿನಿಯಂ ತುಂಡು ಧಾರಾಳ ಸಾಕು. ತಾಮ್ರ ಶಾಖವನ್ನು ಇಮ್ಮಡಿ ಚೆನ್ನಾಗಿ ಒಯ್ಯುತ್ತದೆ, ತೂಕ ಮೂರು ಪಟ್ಟಿಗಿಂತ ಹೆಚ್ಚು. ಇಷ್ಟು ಚಿಕ್ಕ ತುಂಡಿನಲ್ಲಿ ಶಾಖ ತಡೆದು ನಿಲ್ಲುವುದು ಲೋಹದೊಳಗಲ್ಲ, ಲೋಹದಿಂದ ಗಾಳಿಗೆ ದಾಟುವಲ್ಲಿ. ಗರಗಸದಿಂದ ಕತ್ತರಿಸಿ, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹರಡಿ ತಳವನ್ನು ಉಜ್ಜಿ ಸಮ ಮಾಡಿ. ಅಲ್ಯೂಮಿನಿಯಂ ಪುಡಿ ಇಎಸ್‌ಸಿ ಇರುವ ಮೇಜಿನ ಹತ್ತಿರವೂ ಸುಳಿಯದಿರಲಿ. ರೆಕ್ಕೆಗಳು ಗಾಳಿ ಹರಿಯುವ ದಿಕ್ಕಿಗೆ ಇರಬೇಕು, ಅಡ್ಡವಲ್ಲ.

ಸರಿ, ಈಗಲಾದರೂ ಫ್ಯಾನ್ ಹಾಕಬಹುದೇ ಮಾರಾಯರೇ?

ಹಾಕಿ. 30 ಮಿಲಿಮೀಟರಿನದು ಮಧ್ಯಮ ಗಾತ್ರದ ಕಾರಿನ ಇಎಸ್‌ಸಿಗೆ ಹೊಂದುತ್ತದೆ. ಗಾಳಿ ಹೀಟ್‌ಸಿಂಕಿನ ಕಡೆ ಬೀಸುವಂತೆ ಕೂರಿಸಿ. ಫ್ಯಾನಿನ ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತಿದ್ದರೆ ಗೊಂದಲವಿಲ್ಲ, ಇಲ್ಲದಿದ್ದರೆ ತುಂಡು ಕಾಗದ ಹಿಡಿದು ನೋಡಿ. ವೋಲ್ಟೇಜ್ ತಪ್ಪಿಸಬೇಡಿ: 5 ವೋಲ್ಟಿನ ಫ್ಯಾನನ್ನು 7.4 ವೋಲ್ಟ್ ಕೊಡುವ ಬಿಇಸಿಗೆ ಸಿಕ್ಕಿಸಿದರೆ ಕೆಲವು ದಿನ ಜೋರಾಗಿ ತಿರುಗಿ ಸಾಯುತ್ತದೆ. ಫ್ಯಾನ್ ಸತ್ತದ್ದು ಗಮನಕ್ಕೆ ಬರುವುದು ಇಎಸ್‌ಸಿ ಸತ್ತ ಮೇಲೆ. ಬೀಚಿನಿಂದ ಬಂದ ಮೇಲೆ ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಕರಕರ ಎಂದರೆ ಬೇರಿಂಗಿಗೆ ಮರಳು ಹೊಕ್ಕಿದೆ.

ಕಾರಿನ ಹೊರಕವಚದಲ್ಲಿ ತೂತು ಇಲ್ಲದಿದ್ದರೆ ಫ್ಯಾನ್ ಅದೇ ಬಿಸಿ ಗಾಳಿಯನ್ನು ತಿರುಗಿಸುತ್ತಾ ಕೂರುತ್ತದೆ. ವಿಮಾನಕ್ಕೂ ಇದೇ ಮಾತು: ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ದೊಡ್ಡದಿರಬೇಕು, ಇಮ್ಮಡಿಯಷ್ಟು ಇದ್ದರೆ ಚೆನ್ನ. ಜನ ಮೂತಿಯಲ್ಲಿ ದೊಡ್ಡ ತೂತು ಕೊರೆದು ಬಾಲದ ಕಡೆ ಮರೆತುಬಿಡುತ್ತಾರೆ.

ದೋಣಿಗೆ ಹೊಳೆಯ ನೀರನ್ನೇ ಹರಿಸಿದರೆ ಇಎಸ್‌ಸಿ ಹಾಳಾಗುವುದಿಲ್ಲವೇ?

ನೀರು ತಂಪಿಗೆ ಗಾಳಿಗಿಂತ ಎಷ್ಟೋ ಮೇಲು. ಬೇಸಗೆಯಲ್ಲಿ ಹೊಳೆಯ ನೀರೇ 30 ಡಿಗ್ರಿ ಇದ್ದರೂ 60 ದಾಟುವ ಇಎಸ್‌ಸಿಗೆ ಅದು ತಣ್ಣೀರೇ. ಕೊಳವೆ ಮೊದಲು ಇಎಸ್‌ಸಿಗೆ, ಅಲ್ಲಿಂದ ಮೋಟಾರಿಗೆ ಹೋಗಲಿ. ಹೊರಬೀಳುವ ನೀರಿನ ಎಳೆ ದಡದಿಂದ ಕಾಣುವ ಹಾಗಿರಲಿ. ಅದು ನಿಂತರೆ ದೋಣಿಯನ್ನು ಕರೆಸಿಕೊಳ್ಳಿ, ಪಾಚಿ ಅಥವಾ ಮರಳು ಕಟ್ಟಿರುತ್ತದೆ.

ನೇತ್ರಾವತಿಯಾಗಲಿ ಸ್ವರ್ಣೆಯಾಗಲಿ, ಅಳಿವೆಯ ಹತ್ತಿರ ಭರತದ ಹೊತ್ತಿಗೆ ನೀರು ಉಪ್ಪಾಗಿರುತ್ತದೆ. ಉಪ್ಪು ಅಲ್ಯೂಮಿನಿಯಂ ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ದೊಡ್ಡ ಸಿರಿಂಜಿನಿಂದ ಬಾವಿ ನೀರು ಹಾಯಿಸಿ ತೊಳೆದು, ಊದಿ ಒಣಗಿಸಿ.

## ಕರಾವಳಿಯದೇ ಆದ ತೊಡಕುಗಳು

ಓಟದ ನಡುವೆ ಐಸ್ ಪ್ಯಾಕ್ ಇಟ್ಟು ತಣ್ಣಗೆ ಮಾಡಬಹುದೇ?

ನಮ್ಮಲ್ಲಿ ಬೇಡವೇ ಬೇಡ. ಮೇ ತಿಂಗಳಲ್ಲಿ ಎ.ಸಿ. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲವೇ, ಅದೇ ಇಎಸ್‌ಸಿ ಬೋರ್ಡಿನ ಮೇಲೂ ಆಗುತ್ತದೆ. ಆಗ ಇಲ್ಲಿನ ಗಾಳಿ 25 ಡಿಗ್ರಿಯ ಆಸುಪಾಸಿಗೆ ತಣಿದರೆ ಸಾಕು, ನೀರು ಬಿಡತೊಡಗುತ್ತದೆ. ಅದಕ್ಕಿಂತ ತಣ್ಣಗಿನ ಯಾವ ಮೈ ಮೇಲೂ ಹನಿ ಕಟ್ಟುತ್ತದೆ, ಆ ಹನಿಯಲ್ಲಿ ಬೋರ್ಡಿನ ಮೇಲಿದ್ದ ಉಪ್ಪು ಕರಗುತ್ತದೆ. ನೆರಳು ಮತ್ತು ಬೀಸಣಿಗೆಯಷ್ಟೇ ಸಾಕು. ಎ.ಸಿ. ಕೋಣೆಯಿಂದ ತಂದ ಮಾದರಿಯನ್ನೂ ಚೀಲದೊಳಗೇ ಸ್ವಲ್ಪ ಹೊತ್ತು ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ.

ಉಪ್ಪುಗಾಳಿಗೆ ಲೇಪನ ಹಚ್ಚಿದರೆ ಬಿಸಿ ಹೆಚ್ಚುವುದಿಲ್ಲವೇ?

ಸರ್ಕಿಟ್ ಬೋರ್ಡಿಗೆಂದೇ ಮಾಡಿದ ಸಿಲಿಕೋನ್ ಲೇಪನವನ್ನು ತೆಳುವಾಗಿ ಬಳಿದರೆ ಬಿಸಿಯಲ್ಲಿ ಗಮನಿಸುವಷ್ಟು ಅಂತರ ಬರುವುದಿಲ್ಲ. ಹೀಟ್‌ಸಿಂಕ್ ಕೂರುವ ಜಾಗ ಮತ್ತು ಕನೆಕ್ಟರಿಗೆ ಮಾತ್ರ ಟೇಪ್ ಹಚ್ಚಿ ಬಿಡಿ. ಹೀಟ್‌ಸಿಂಕಿನ ರೆಕ್ಕೆಗಳ ಬುಡದಲ್ಲಿ ಬಿಳಿ ಹುಡಿ ಕಂಡರೆ ಅದು ಅಲ್ಯೂಮಿನಿಯಂ ತುಕ್ಕು. ಗಟ್ಟಿ ಬ್ರಷ್ಷಿನಿಂದ ತೆಗೆಯಿರಿ.

ತೆಂಗಿನೆಣ್ಣೆ ತುಂಬಿದ ಡಬ್ಬಿಯಲ್ಲಿ ಇಎಸ್‌ಸಿ ಮುಳುಗಿಸಿದರೆ? ಟ್ರಾನ್ಸ್‌ಫಾರ್ಮರಿನಲ್ಲಿ ಎಣ್ಣೆ ಇರುತ್ತದಲ್ಲ.

ತಲೆ ಓಡಿದ್ದು ಸರಿಯಾದ ದಿಕ್ಕಿನಲ್ಲೇ. ಆದರೆ ಟ್ರಾನ್ಸ್‌ಫಾರ್ಮರಿನದು ನೀರಿನಂಶ ತೆಗೆದ ಖನಿಜ ತೈಲ. ತೆಂಗಿನೆಣ್ಣೆ ಕನರುತ್ತದೆ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಬ್ಬಿಯ ತೂಕ ಹೊರಲು ನಿಮ್ಮ ಕಾರು ಇನ್ನಷ್ಟು ಕರೆಂಟು ಎಳೆಯುತ್ತದೆ. ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಪೂರ್ತಿ ಥ್ರಾಟಲ್‌ಗಿಂತ ಅರ್ಧ ಥ್ರಾಟಲ್‌ನಲ್ಲಿ ಹೆಚ್ಚು ಕಾಯುತ್ತದೆ. ಇದು ಹೇಗೆ ಸಾಧ್ಯ?

ಅರ್ಧ ಥ್ರಾಟಲ್ ಎಂದರೆ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್. ಆಫ್ ಆದ ಗಳಿಗೆಯಲ್ಲಿ ಮೋಟಾರಿನ ಸುರುಳಿಯ ಕರೆಂಟು ನಿಲ್ಲುವುದಿಲ್ಲ, ಮಾಸ್ಫೆಟ್‌ನೊಳಗಿನ ಡಯೋಡಿನ ಮೂಲಕ ಸುತ್ತುತ್ತದೆ. ಡಯೋಡ್ ಸುಮಾರು 0.7 ವೋಲ್ಟ್ ತಿನ್ನುತ್ತದೆ: 30 ಆಂಪಿಯರ್ ಸುತ್ತುತ್ತಿರುವಷ್ಟು ಹೊತ್ತು 21 ವಾಟ್. ಆ್ಯಕ್ಟಿವ್ ಫ್ರೀವೀಲಿಂಗ್ ಇರುವ ಇಎಸ್‌ಸಿ ಆ ಗಳಿಗೆಯಲ್ಲಿ ಮಾಸ್ಫೆಟ್ಟನ್ನೇ ತೆರೆದುಬಿಡುತ್ತದೆ; 1 ಮಿಲಿಓಮ್ ಆದರೆ 0.9 ವಾಟ್ ಅಷ್ಟೇ. ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ನೋಡಿ. ಆಂಪಿಯರ್ ಅಂಕಿಗಿಂತ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪಿಡಬ್ಲ್ಯುಎಂ (ಆ ಆನ್-ಆಫ್‌ನ ವೇಗ) 24ರಿಂದ 48 ಕಿಲೋಹರ್ಟ್ಸ್‌ಗೆ ಏರಿಸಿದೆ, ಮೋಟಾರು ನಯವಾಯಿತು, ಇಎಸ್‌ಸಿ ಕಾಯತೊಡಗಿತು.

ಮಾಸ್ಫೆಟ್ ಮುಚ್ಚಿದ ಸ್ಥಿತಿಯಿಂದ ತೆರೆದ ಸ್ಥಿತಿಗೆ ಹೋಗುವ ನಡುವಿನ ಅರೆಗಳಿಗೆಯಲ್ಲೇ ಒಂದಿಷ್ಟು ಶಕ್ತಿ ಸುಟ್ಟುಹೋಗುತ್ತದೆ. ಆ ಸಲಗಳು ಇಮ್ಮಡಿಯಾದರೆ ಆ ನಷ್ಟವೂ ಇಮ್ಮಡಿ. ಮರಳಿನ ಕಾರಿಗೆ 48 ಬೇಕಾಗಿಲ್ಲ. ಟೈಮಿಂಗ್ (ಸುರುಳಿಗೆ ಕರೆಂಟು ಎಷ್ಟು ಮುಂಚಿತವಾಗಿ ಕೊಡಬೇಕೆಂಬ ಸೆಟ್ಟಿಂಗ್) ಏರಿಸಿದ್ದರೆ ಅದನ್ನೂ ಒಂದು ಮೆಟ್ಟಿಲು ಇಳಿಸಿ; ಹೆಚ್ಚಿನ ಟೈಮಿಂಗ್ ಹೆಚ್ಚಿನ ಕರೆಂಟು ಎಳೆಯುತ್ತದೆ.

ಕೆಪಾಸಿಟರಿನ ತಲೆ ಉಬ್ಬಿದೆ. ಬಿಸಿಗೂ ಅದಕ್ಕೂ ಸಂಬಂಧವಿದೆಯೇ?

ಎರಡು ಕಡೆಯಿಂದ ಇದೆ. ಪಕ್ಕದ ಹೀಟ್‌ಸಿಂಕ್ ಅದನ್ನು ಬೇಯಿಸುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಯ ತಂತಿ ಉದ್ದವಾದಷ್ಟೂ ವೋಲ್ಟೇಜಿನ ಏರಿಳಿತ ಹೆಚ್ಚಿ ಅದು ಒಳಗಿನಿಂದಲೂ ಕಾಯುತ್ತದೆ. ತಂತಿ ಉದ್ದ ಮಾಡಲೇಬೇಕಾದರೆ ಮೋಟಾರಿನ ಕಡೆಯದ್ದನ್ನು ಮಾಡಿ, ಬ್ಯಾಟರಿಯ ಕಡೆಯದ್ದನ್ನಲ್ಲ. ಬದಲಿಸುವಾಗ ಲೋ ಇಎಸ್‌ಆರ್ (ಒಳರೋಧ ಕಡಿಮೆ ಇರುವ), 105 ಡಿಗ್ರಿಯದು ಹಾಕಿ. 4 ಸೆಲ್‌ಗೆ 25 ವೋಲ್ಟ್, 6 ಸೆಲ್‌ಗೆ 35 ವೋಲ್ಟ್. ಪಟ್ಟಿಯಿರುವ ಬದಿ ನೆಗೆಟಿವ್. ಉಬ್ಬಿದ ಕೆಪಾಸಿಟರಿನೊಂದಿಗೆ ಇನ್ನೊಂದು ಸುತ್ತು ಓಡಿಸುವುದೆಂದರೆ ಮಾಸ್ಫೆಟ್‌ಗಳನ್ನು ಪಣಕ್ಕಿಟ್ಟಂತೆ.

ಎರಡು ಇಎಸ್‌ಸಿಗಳನ್ನು ಒಂದೇ ಮೋಟಾರಿಗೆ ಜೋಡಿಸಿ ಹೊರೆ ಹಂಚಿದರೆ?

ಆಗುವುದಿಲ್ಲ. ಎರಡರ ಸರದಿಯೂ ಒಂದೇ ಗಳಿಗೆಗೆ ಬೀಳುವುದಿಲ್ಲ. ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ನೇರ ಸೇರುತ್ತದೆ.

ಕಾದಾಗ ನಿಲ್ಲುವ ಆ ರಕ್ಷಣೆಯನ್ನೇ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಲೇ?

ಕಾರು, ದೋಣಿಯವರು ಖಂಡಿತ ಬೇಡ. ಅತಿಯಾಗಿ ಕಾದ ಮಾಸ್ಫೆಟ್ ಸಾಮಾನ್ಯವಾಗಿ ಸಾಯುವುದು ತೆರೆದ ಸ್ಥಿತಿಯಲ್ಲೇ, ಅಂದರೆ ಶಾರ್ಟ್ ಆಗಿ. ಆಮೇಲೆ ಬ್ಯಾಟರಿಗೆ ಯಾವ ತಡೆಯೂ ಇರುವುದಿಲ್ಲ, ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹೊತ್ತಿಕೊಳ್ಳಬಹುದು. ವಿಮಾನದಲ್ಲಿ ಆಕಾಶದಲ್ಲೇ ಮೋಟಾರು ನಿಲ್ಲುವ ಭಯ ನಿಜವೇ. ಅದಕ್ಕೆ ಪೂರ್ತಿ ನಿಲ್ಲಿಸುವ ಬದಲು ಶಕ್ತಿಯನ್ನು ನಿಧಾನವಾಗಿ ಇಳಿಸುವ ಆಯ್ಕೆ ಬಹಳಷ್ಟು ಇಎಸ್‌ಸಿಗಳಲ್ಲಿದೆ, ಅದನ್ನು ಆರಿಸಿಕೊಳ್ಳಿ. ಶಕ್ತಿ ಇಳಿದದ್ದು ಗೊತ್ತಾದ ಕೂಡಲೇ ಗದ್ದೆಗೆ ಇಳಿಸಿ, ಮೊದಲು ಪ್ರೊಪೆಲ್ಲರಿನ ಅಳತೆ ನೋಡಿ.